ಹನೋಯ್‌ನಲ್ಲಿ ‘ಚಯ್’ ಅಂದ್ರೆ ಟೀ ಅಲ್ಲ: ಅಮ್ಮನ ಜೊತೆ ವಿಯೆಟ್ನಾಂನಲ್ಲಿ ಐದು ದಿನ

ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಿದ್ದೀರೋ, ಮೆಟ್ರೋದಲ್ಲಿ ಒಂಟಿ ಕಾಲಲ್ಲಿ ನಿಂತು ಓದ್ತಿದ್ದೀರೋ ಗೊತ್ತಿಲ್ಲ. ಇವತ್ತಿನ ಸಂಚಿಕೆ ವಿಯೆಟ್ನಾಂ ಬಗ್ಗೆ. ಇನ್‌ಸ್ಟಾಗ್ರಾಂ ತೆಗೆದರೆ ಸಾಕು, ಯಾರಾದರೊಬ್ಬರು ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂತು ಒಂದು ದೊಡ್ಡ ಬಟ್ಟಲಿನಿಂದ ನೂಡಲ್ಸ್ ಎಳೀತಿರೋ ರೀಲ್ ಬರುತ್ತೆ. ನನಗೂ ಬಂತು. ದಸರಾ ರಜೆ ಇತ್ತು, ಅಮ್ಮನಿಗೆ ಪಾಸ್‌ಪೋರ್ಟ್ ಮಾಡಿಸಿ ಎರಡು ವರ್ಷ ಆಗಿತ್ತು, ಒಂದು ಸೀಲೂ ಬಿದ್ದಿರಲಿಲ್ಲ. ವಿಜಯದಶಮಿ ಮುಗಿಸ್ಕೊಂಡು ಹೊರಟೇಬಿಟ್ವಿ. ಐದು ದಿನ, ಒಂದೇ ಊರು: ಹನೋಯ್.

ನಾನು ಎಲ್ಲಾ ತಿಂತೀನಿ. ಅಮ್ಮ ಪಕ್ಕಾ ಸಸ್ಯಾಹಾರಿ, ಮೊಟ್ಟೆ ಕೂಡ ಇಲ್ಲ. ಈ ಎರಡು ವಾಕ್ಯ ನೆನಪಿಟ್ಕೊಳ್ಳಿ, ಇಡೀ ಸಂಚಿಕೆ ಇದರ ಮೇಲೇ ನಿಂತಿದೆ.

ಮೊದಲ ದಿನ ಬೆಳಿಗ್ಗೆ ಏಳು ಗಂಟೆ. ಹಳೇ ಪೇಟೆಯ ಒಂದು ಗಲ್ಲಿಯಲ್ಲಿ, ಫುಟ್‌ಪಾತ್ ಮೇಲೆ, ಮೊಣಕಾಲಿಗಿಂತ ಕೆಳಗಿರೋ ನೀಲಿ ಸ್ಟೂಲ್‌ಗಳು. ಅಮ್ಮ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ಕೂತರು. ನನಗೊಂದು ‘ಫೋ’ ಹೇಳಿದೆ. ನಾವು ಫೋ ಅಂತ ಬರೀತೀವಿ, ಅಲ್ಲಿ ಅದು ‘ಫ’ ಅನ್ನೋದನ್ನ ಪ್ರಶ್ನೆ ಕೇಳೋ ಥರ ಎಳೆದ ಹಾಗೆ ಕೇಳುತ್ತೆ. ಅಮ್ಮನ ಬಟ್ಟಲಿಗೆ ಮಾಂಸ ಬೇಡ ಅಂತ ಕೈಸನ್ನೆ ಮಾಡಿದೆ. ಅಂಗಡಿಯಾಕೆ ತಲೆಯಾಡಿಸಿದರು. ಬರೀ ಬಿಳಿ ಅಕ್ಕಿ ನೂಡಲ್ಸ್, ಈರುಳ್ಳಿ ಎಲೆ, ಹಬೆಯಾಡೋ ತಿಳಿ ಸಾರು ಬಂತು. ಅಮ್ಮ ಮೂಸಿ ನೋಡಿ, “ಒಳ್ಳೆ ಸಾಗು ವಾಸನೆ ಕಣೋ” ಅಂದರು. ಆಮೇಲೆ ಕೇಳಿದರು: “ಇದ್ರಲ್ಲಿ ಏನೂ ಇಲ್ಲ ತಾನೆ?”

“ಏನೂ ಇಲ್ಲಮ್ಮ” ಅಂದೆ.

ಎರಡೂ ಬಟ್ಟಲಿಗೆ ಸಾರು ಬಡಿಸಿದ್ದು ಒಂದೇ ಹಂಡೆಯಿಂದ. ಅದನ್ನ ನಾನು ನೋಡಿದ್ದೆ. ರಾತ್ರಿಯೆಲ್ಲ ಪ್ರಯಾಣ ಮಾಡಿದ್ವಿ, ಹಸಿವಿತ್ತು, ಮತ್ತೆ ಹುಡುಕೋಕೆ ಶಕ್ತಿ ಇರಲಿಲ್ಲ. ಇವೆಲ್ಲ ಕಾರಣಗಳೇ. ಆದರೂ ಹೇಳಿದ್ದು ಸುಳ್ಳು.

ಈಗ ಆ ಸಾಗು ವಾಸನೆ ಎಲ್ಲಿಂದ ಬಂತು ಅಂತ ಹೇಳ್ತೀನಿ. ಫೋ ಸಾರಿಗೆ ಹಾಕೋ ಮಸಾಲೆ ನಮ್ಮ ಅಡುಗೆಮನೆ ಡಬ್ಬಿಯಲ್ಲಿ ಇರೋದೇ: ಚಕ್ರಮೊಗ್ಗು, ಚಕ್ಕೆ, ಲವಂಗ, ಕಪ್ಪು ಏಲಕ್ಕಿ. ಜೊತೆಗೆ ಕೆಂಡದ ಮೇಲೆ ಸಿಪ್ಪೆ ಕಪ್ಪಾಗೋವರೆಗೆ ಸುಟ್ಟ ಶುಂಠಿ, ಸುಟ್ಟ ಈರುಳ್ಳಿ. ಚಕ್ರಮೊಗ್ಗಂತೂ ಉತ್ತರ ವಿಯೆಟ್ನಾಂನ ಲಾಂಗ್ ಸನ್ ಪ್ರಾಂತ್ಯದ ಬೆಟ್ಟಗಳಲ್ಲಿ ಬೆಳೆಯೋ ಮರದ ಕಾಯಿ. ಹಾಗಾಗಿ ಮೂಗಿಗೆ ಎಲ್ಲ ಪರಿಚಯದ್ದೇ ಅನ್ಸುತ್ತೆ. ಆದರೆ ಸಾರಿನ ಮೂಲ ಮೂಳೆ. ‘ಫೋ ಬೋ’ ಅಂದ್ರೆ ದನದ ಮೂಳೆ, ‘ಫೋ ಗಾ’ ಅಂದ್ರೆ ಕೋಳಿ. ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸಿ, ನೊರೆ ತೆಗೆದು ತೆಗೆದು ತಿಳಿ ಮಾಡ್ತಾರೆ. ಸಾರು ತಿಳಿಯಾಗಿದ್ದಷ್ಟೂ ಅಡುಗೆಯವರ ಹೆಸರು ದೊಡ್ಡದು. ನಮಗೆ ತಿಳಿಸಾರು ಅಂದರೆ ಬೇಳೆಕಟ್ಟು ನೆನಪಾಗುತ್ತೆ. ಅಲ್ಲಿ ತಿಳಿ ಅನ್ನೋದು ಸಸ್ಯಾಹಾರದ ಗುರುತಲ್ಲ, ಅಡುಗೆಯವರ ತಾಳ್ಮೆಯ ಗುರುತು.

ಫೋ ತುಂಬಾ ಪುರಾತನ ತಿಂಡಿಯೇನಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಹನೋಯ್ ಮತ್ತು ಅದರ ದಕ್ಷಿಣಕ್ಕಿರೋ ನಾಮ್ ದಿನ್ ಕಡೆ ಹುಟ್ಟಿದ್ದು. ಅದಕ್ಕೂ ಮೊದಲು ಅಲ್ಲಿ ಎತ್ತು, ಕೋಣ ಇದ್ದದ್ದು ಮುಖ್ಯವಾಗಿ ಉಳುಮೆಗೆ. ಫ್ರೆಂಚರು ಬಂದರು, ಅವರಿಗೆ ದನದ ಮಾಂಸ ಬೇಕಾಯ್ತು, ಮೂಳೆ ಉಳೀತು, ಆ ಮೂಳೆ ಬೀದಿ ಅಡುಗೆಯವರ ಹಂಡೆ ಸೇರಿತು. 1954ರಲ್ಲಿ ದೇಶ ಉತ್ತರ, ದಕ್ಷಿಣ ಅಂತ ಇಬ್ಭಾಗ ಆದಾಗ ಲಕ್ಷಾಂತರ ಜನ ಉತ್ತರದಿಂದ ದಕ್ಷಿಣಕ್ಕೆ ಹೋದರು, ಫೋ ಕೂಡ ಅವರ ಜೊತೆ ಸೈಗಾನ್‌ಗೆ ಹೋಯ್ತು. ಅಲ್ಲಿ ಅದಕ್ಕೆ ಮೊಳಕೆ ಕಾಳು, ತುಳಸಿ ಜಾತಿಯ ಸೊಪ್ಪು, ಸಿಹಿ ಸಾಸ್ ಎಲ್ಲ ಸೇರ್ಕೊಳ್ತು. ಹನೋಯ್ ಜನಕ್ಕೆ ಈ ಅಲಂಕಾರ ಅಷ್ಟಾಗಿ ಇಷ್ಟ ಇಲ್ಲ. ಮೈಸೂರು ಮಸಾಲೆ ದೋಸೆಗೆ ಚೀಸ್ ಹಾಕಿದ್ರೆ ಕೆಲವರು ಮುಖ ಮಾಡ್ತಾರಲ್ಲ, ಹಾಗೆ.

ಅವತ್ತು ಸಂಜೆ ಹೋಟೆಲ್ ರಿಸೆಪ್ಷನ್‌ನಲ್ಲಿದ್ದ ಹುಡುಗಿ “ಏನು ತಿಂದಿರಿ?” ಅಂತ ಕೇಳಿದಳು. ಫೋ ಅಂದೆವು. ಅವಳಿಗೆ ಖುಷಿಯೋ ಖುಷಿ. ಅವಳಜ್ಜಿ ಹೇಗೆ ಹಿಂದಿನ ರಾತ್ರಿಯೇ ದನದ ಮೂಳೆ ಒಲೆ ಮೇಲಿಡ್ತಿದ್ರು ಅಂತ ಇಂಗ್ಲಿಷಿನಲ್ಲಿ ವರ್ಣಿಸೋಕೆ ಶುರು ಮಾಡಿದಳು. ಅಮ್ಮನಿಗೆ ಇಂಗ್ಲಿಷ್ ಮಾತಾಡೋಕೆ ಸಂಕೋಚ, ಆದರೆ ಅರ್ಥ ಎಲ್ಲಾ ಆಗುತ್ತೆ.

ಅಮ್ಮ ಕೂಗಾಡಲಿಲ್ಲ. ಮೇಲೆ ಹೋಗಿ ಸ್ನಾನ ಮಾಡಿದರು. ರಾತ್ರಿ ಊರಿಂದ ತಂದಿದ್ದ ಅವಲಕ್ಕಿ ನೆನೆಸಿ ಚಟ್ನಿಪುಡಿ ಹಾಕ್ಕೊಂಡು ತಿಂದರು. ಮಲಗೋ ಮುಂಚೆ ಇಷ್ಟೇ ಹೇಳಿದ್ದು: “ಗೊತ್ತಿಲ್ದೆ ತಿಂದಿದ್ದು ನನಗೆ ಬಿಡು. ನೀನು ಗೊತ್ತಿದ್ದೂ ಹೇಳಿದ್ಯಲ್ಲ.”

ನನಗೆ ನಿದ್ದೆ ಬರಲಿಲ್ಲ. ಫೋನ್ ಹಿಡ್ಕೊಂಡು ವಿಯೆಟ್ನಾಂ ಊಟದಲ್ಲಿ ನಿಜವಾಗಿ ಏನೇನಿರುತ್ತೆ ಅಂತ ಓದೋಕೆ ಕೂತೆ. ಇದನ್ನ ಟಿಕೆಟ್ ಬುಕ್ ಮಾಡೋಕೆ ಮುಂಚೆ ಓದಬೇಕಿತ್ತು.

ಮೊದಲು ಅರ್ಥ ಆದದ್ದು ಮೀನಿನ ರಸದ ವಿಷಯ. ‘ನುವಕ್ ಮಾಮ್’ ಅಂತಾರೆ. ಬೆರಳುದ್ದದ ಸಣ್ಣ ಮೀನನ್ನ ಉಪ್ಪಿನ ಜೊತೆ ದೊಡ್ಡ ಮರದ ಪೀಪಾಯಿಯಲ್ಲಿ ಒಂದು ವರ್ಷದ ಹತ್ತಿರ ಕೊಳೆಸಿ, ಕೆಳಗಿಳಿಯೋ ಕಂದು ಬಣ್ಣದ ದ್ರವವನ್ನ ಬಸೀತಾರೆ. ಫು ಕ್ವೋಕ್ ದ್ವೀಪ, ಫಾನ್ ಥಿಯೆಟ್ ಊರು ಇದಕ್ಕೆ ಪ್ರಸಿದ್ಧ. ನಮಗೆ ಉಪ್ಪು, ಹುಣಸೆಹಣ್ಣು ಹೇಗೋ ಅವರಿಗೆ ಇದು ಹಾಗೆ. ಸಲಾಡ್‌ಗೆ, ಪಲ್ಯಕ್ಕೆ, ಅದ್ದಿಕೊಳ್ಳೋ ರಸಕ್ಕೆ ಎಲ್ಲಕ್ಕೂ ಬೀಳುತ್ತೆ. ಅದಕ್ಕೇ “ಮಾಂಸ ಬೇಡ” ಅಂದರೆ ಸಾಕಾಗಲ್ಲ. ಅಂಗಡಿಯವರು ಮೋಸ ಮಾಡ್ತಾರೆ ಅಂತ ಅಲ್ಲ. ಮೀನಿನ ರಸ ಅವರ ಲೆಕ್ಕದಲ್ಲಿ ಮೀನೇ ಅಲ್ಲ! ನೀವು ಸೊಪ್ಪಿನ ಪಲ್ಯ ಕೇಳಿದ್ರಿ, ಅವರು ಸೊಪ್ಪಿನ ಪಲ್ಯ ಕೊಟ್ರು, ಅಷ್ಟೇ.

ತೋಫು ಕಂಡ ಕೂಡಲೇ ಹಾರಿ ಬೀಳಬೇಡಿ ಅನ್ನೋದು ಇನ್ನೊಂದು ಪಾಠ. ಬೌದ್ಧರ ದೇಶ, ತೋಫು ಇದೆ ಅಂದಮೇಲೆ ಸಸ್ಯಾಹಾರ ಅಂತ ನಾವು ಅಂದ್ಕೋತೀವಿ. ಹನೋಯ್‌ನಲ್ಲಿ ಕರಿದ ತೋಫುಗೆ ಅತ್ಯಂತ ಪ್ರೀತಿಯ ಜೋಡಿ ಅಂದ್ರೆ ಕೊಳೆಸಿದ ಸಿಗಡಿಯ ನೇರಳೆ ಬಣ್ಣದ ಗೊಜ್ಜು. ವಾಸನೆ ನಾಲ್ಕು ಅಂಗಡಿ ದೂರಕ್ಕೆ ಬರುತ್ತೆ. (ನಾನು ತಿಂದೆ. ಮೂರನೇ ತುತ್ತಿಗೆ ಇಷ್ಟ ಆಯ್ತು. ಅಮ್ಮ ರಸ್ತೆಯ ಆ ಕಡೆ ನಿಂತಿದ್ದರು.) ಬೆಳಿಗ್ಗೆ ಬಾಳೆ ಎಲೆಯಲ್ಲಿ ಕಟ್ಟಿ ಮಾರೋ ಹಳದಿ ಅಂಟನ್ನ ಇದೆಯಲ್ಲ, ‘ಸೋಯ್ ಸೆವ್’, ಅದರ ಮೇಲೆ ಹೆಸರುಬೇಳೆ, ಹುರಿದ ಈರುಳ್ಳಿ ಉದುರಿಸಿರ್ತಾರೆ. ನೋಡಿದರೆ ನಮ್ಮ ಪೊಂಗಲ್ ತಂಗಿ. ಆದರೆ ಎಷ್ಟೋ ಕಡೆ ಕೊನೆಗೊಂದು ಚಮಚ ಕೋಳಿ ಅಥವಾ ಹಂದಿ ಕೊಬ್ಬು ಸುರೀತಾರೆ. ಎರಡನೇ ದಿನ ಬೆಳಿಗ್ಗೆ ಅಮ್ಮ ಅದರ ಮುಂದೆ ನಿಂತು ಆಸೆಯಿಂದ ನೋಡಿದರು. ನಾನು ಫೋನಿನ ಅನುವಾದದ ಆ್ಯಪ್‌ನಲ್ಲಿ ಕೇಳಿದೆ. ಮಾರೋ ಅಜ್ಜಿ ಡಬ್ಬ ತೋರಿಸಿದರು. ಕೊಬ್ಬು. “ಇದೆ ಅಮ್ಮ” ಅಂದೆ. ಅಮ್ಮ ನಾಲ್ಕು ಬಾಳೆಹಣ್ಣು ಕೊಂಡ್ಕೊಂಡರು.

ಹೀಗೆ ಬಾಳೆಹಣ್ಣಿನ ಬಲದ ಮೇಲೆ ಊರು ಸುತ್ತಿದ್ವಿ.

ಊರಿನ ಬಗ್ಗೆ ಹೇಳ್ಬೇಕಂದ್ರೆ ರಸ್ತೆ ದಾಟೋದ್ರಿಂದ ಶುರು ಮಾಡ್ಬೇಕು. ಸ್ಕೂಟರ್‌ಗಳ ಹೊಳೆ ಅದು, ನಿಲ್ಲೋದೇ ಇಲ್ಲ. ಉಪಾಯ ಒಂದೇ: ನಿಧಾನವಾಗಿ, ಒಂದೇ ವೇಗದಲ್ಲಿ, ನಿಲ್ಲದೆ, ಹಿಂದೆ ಸರಿಯದೆ ನಡೀತಾ ಹೋಗೋದು. ನೀವು ಮುಂದಿನ ಕ್ಷಣ ಎಲ್ಲಿರ್ತೀರಿ ಅಂತ ಸವಾರರು ಅಂದಾಜು ಮಾಡಿ ಸುತ್ತಿಕೊಂಡು ಹೋಗ್ತಾರೆ. ಓಡಿದ್ರೆ ಅಂದಾಜು ತಪ್ಪುತ್ತೆ. ಬಸ್ಸು, ಕಾರಿಗೆ ಮಾತ್ರ ಈ ನಿಯಮ ಹಿಡಿಯಲ್ಲ, ಅವಕ್ಕೆ ದಾರಿ ಬಿಡಿ. ಕೆ.ಆರ್. ಮಾರ್ಕೆಟ್ ಹತ್ತಿರ ನಲವತ್ತು ವರ್ಷ ರಸ್ತೆ ದಾಟಿದ ಅಮ್ಮನಿಗೆ ಇದನ್ನ ಹೇಳಿಕೊಡಬೇಕಾಗಲಿಲ್ಲ. ನನ್ನ ಕೈ ಹಿಡ್ಕೊಂಡು ಅವರೇ ದಾಟಿಸಿದರು. ಮಾತು ಕಡಿಮೆ ಇದ್ದ ದಿನ ಅದು. ಕೈ ಹಿಡಿದದ್ದು ಸಮಾಧಾನ ಆಯ್ತು.

ಹಳೇ ಪೇಟೆಯನ್ನ ‘36 ಬೀದಿಗಳು’ ಅಂತಾರೆ. ಬಹುತೇಕ ಬೀದಿಗಳ ಹೆಸರು ‘ಹಾಂಗ್’ ಅಂತ ಶುರು ಆಗುತ್ತೆ, ಅಂದ್ರೆ ಸರಕು. ಹಾಂಗ್ ಬಾಕ್ ಬೆಳ್ಳಿ ಬೀದಿ, ಹಾಂಗ್ ದುವಾಂಗ್ ಸಕ್ಕರೆ ಬೀದಿ, ಹಾಂಗ್ ಥಿಯೆಕ್ ತಗಡಿನ ಬೀದಿ. ಅಕ್ಕಿಪೇಟೆ, ಬಳೇಪೇಟೆ, ಅರಳೆಪೇಟೆ ಗೊತ್ತಿರೋರಿಗೆ ಈ ಲೆಕ್ಕ ತಕ್ಷಣ ಅರ್ಥ ಆಗುತ್ತೆ. ಕೆಲವು ಬೀದಿ ಕಸುಬು ಬಿಟ್ಟಿವೆ, ಸೆಣಬಿನ ಬೀದಿಯಲ್ಲಿ ಈಗ ರೇಷ್ಮೆ ಅಂಗಡಿ. ತಗಡಿನ ಬೀದಿಯಲ್ಲಿ ಮಾತ್ರ ಇವತ್ತಿಗೂ ಸುತ್ತಿಗೆ ಸದ್ದು ಕೇಳುತ್ತೆ. ಮನೆಗಳನ್ನ ನೋಡಿ: ಮುಂದೆ ಮೂರ್ನಾಲ್ಕು ಮೀಟರ್ ಅಗಲ, ಒಳಗೆ ಹೋದರೆ ರೈಲು ಬೋಗಿ ಥರ ಉದ್ದ. ‘ಕೊಳವೆ ಮನೆ’ ಅಂತಲೇ ಹೆಸರು. ಬೀದಿ ಕಡೆ ಮುಖ ಇದ್ದರೆ ತಾನೇ ವ್ಯಾಪಾರ, ಅದಕ್ಕೆ ಪ್ರತಿಯೊಬ್ಬರಿಗೂ ಒಂದು ಚೂರು ಮುಖ. ಅಂಗಡಿ ಅಗಲದ ಮೇಲೆ ತೆರಿಗೆ ಇತ್ತು ಅನ್ನೋ ಕಾರಣವನ್ನೂ ಹೇಳ್ತಾರೆ. ಮಾ ಮೇ ಬೀದಿಯ 87ನೇ ನಂಬರಿನ ಹಳೇ ಮನೆಯನ್ನ ದುರಸ್ತಿ ಮಾಡಿ ನೋಡೋಕೆ ಬಿಟ್ಟಿದ್ದಾರೆ. ಒಳಗೆ ಗಾಳಿ ಬೆಳಕಿಗೆ ಅಂತ ಆಕಾಶಕ್ಕೆ ತೆರೆದ ಅಂಗಳಗಳಿವೆ. ಅಮ್ಮ ಅಲ್ಲೇ ಕಂಬಕ್ಕೊರಗಿ ಕೂತು, “ನಮ್ಮಜ್ಜಿ ಮನೆ ತೊಟ್ಟಿ ಹೀಗೇ ಇತ್ತು” ಅಂದರು. ಒಂದು ದಿನದ ನಂತರ ಆಡಿದ ಮೊದಲ ಉದ್ದನೆಯ ವಾಕ್ಯ.

ಊರ ನಡುವಿನ ಹೊಆನ್ ಕಿಯೆಮ್ ಕೆರೆ. ಹೆಸರಿನ ಅರ್ಥ ‘ಹಿಂತಿರುಗಿಸಿದ ಖಡ್ಗ’. 15ನೇ ಶತಮಾನದಲ್ಲಿ ಲೆ ಲೊಯ್ ಅನ್ನೋ ನಾಯಕ ಒಂದು ದೈವೀ ಖಡ್ಗದಿಂದ ಚೀನಾದ ಮಿಂಗ್ ಸೈನ್ಯವನ್ನ ಓಡಿಸಿದನಂತೆ, ರಾಜನಾದ ಮೇಲೆ ದೋಣಿಯಲ್ಲಿ ಹೋಗ್ತಿದ್ದಾಗ ಒಂದು ಆಮೆ ಮೇಲೆ ಬಂದು ಖಡ್ಗ ವಾಪಸ್ ಕೇಳಿತಂತೆ. ಇದು ಐತಿಹ್ಯ. ಆದರೆ ಆಮೆ ನಿಜ! ಆ ಕೆರೆಯಲ್ಲಿ ಬದುಕಿದ್ದ ಕೊನೆಯ ದೈತ್ಯ ಆಮೆ 2016ರ ಜನವರಿಯಲ್ಲಿ ಸತ್ತಿತು, ಊರೇ ಮರುಗಿತು. ಅದರ ದೇಹವನ್ನ ಸಂರಕ್ಷಿಸಿ, ಕೆಂಪು ಸೇತುವೆ ದಾಟಿದರೆ ಸಿಗೋ ಎನ್‌ಗೊಕ್ ಸನ್ ಗುಡಿಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, 1967ರಲ್ಲಿ ಸತ್ತ ಇನ್ನೊಂದರ ಜೊತೆಗೆ. ರೀಲ್‌ನಲ್ಲಿ ಸೇತುವೆ ಮಾತ್ರ ಕಾಣುತ್ತೆ. ಆಮೆಗಳನ್ನ ನೋಡದೆ ಬರಬೇಡಿ.

ಪರೀಕ್ಷೆ ಬರೀತಿರೋರು ಯಾರಾದ್ರೂ ಕೇಳ್ತಿದ್ರೆ, ನಿಮಗೆ ‘ವಾನ್ ಮಿಯೆವ್’, ಸಾಹಿತ್ಯ ದೇಗುಲ. 1070ರಲ್ಲಿ ಕನ್‌ಫ್ಯೂಷಿಯಸ್ ಹೆಸರಲ್ಲಿ ಕಟ್ಟಿದ್ದು, 1076ರಲ್ಲಿ ಅಲ್ಲೇ ರಾಜಮನೆತನದವರಿಗೆ ವಿದ್ಯಾಲಯ ಶುರುವಾಯ್ತು. ಅಂಗಳದಲ್ಲಿ ಕಲ್ಲಿನ ಆಮೆಗಳ ಬೆನ್ನ ಮೇಲೆ 82 ಶಾಸನಗಳು. 1442ರಿಂದ 1779ರವರೆಗೆ ರಾಜಧಾನಿಯ ಅತಿ ಕಠಿಣ ಪರೀಕ್ಷೆ ಪಾಸಾದವರ ಹೆಸರು, ಊರು ಕೆತ್ತಿದ್ದಾರೆ. ರ‍್ಯಾಂಕ್ ಪಟ್ಟಿಯನ್ನ ಕಲ್ಲಲ್ಲಿ ಕೆತ್ತಿದ ದೇಶ! ಪರೀಕ್ಷೆಗೆ ಮುಂಚೆ ಮಕ್ಕಳು ಆಮೆ ತಲೆ ಸವರಿ ಸವರಿ ಕಲ್ಲು ಸವೀತಾ ಬಂತು, ಈಗ ಬೇಲಿ ಹಾಕಿದ್ದಾರೆ. ಇಲ್ಲಿಯ ದ್ವಾರಮಂಟಪದ ಚಿತ್ರ 1 ಲಕ್ಷದ ನೋಟಿನ ಮೇಲಿದೆ.

ನೋಟು ಅಂದಾಗ ಹೇಳ್ಬಿಡ್ತೀನಿ. ಅಲ್ಲಿಯ ಹಣ ಡಾಂಗ್. ನಮ್ಮ 1 ರೂಪಾಯಿಗೆ ಹೆಚ್ಚುಕಮ್ಮಿ 300 ಡಾಂಗ್. ಮೂರು ಸೊನ್ನೆ ಕಿತ್ತು, ಹತ್ತರಿಂದ ಗುಣಿಸಿ, ಮೂರರಿಂದ ಭಾಗಿಸಿ. 60 ಸಾವಿರದ ಫೋ ಅಂದ್ರೆ 200 ರೂಪಾಯಿ. 20 ಸಾವಿರದ ನೋಟು, 5 ಲಕ್ಷದ ನೋಟು ಎರಡೂ ನೀಲಿ. ರಾತ್ರಿ ಬೀದಿದೀಪದ ಕೆಳಗೆ ಅವಸರ ಮಾಡಿದ್ರೆ 67 ರೂಪಾಯಿ ಬದಲು 1,667 ರೂಪಾಯಿ ಕೊಟ್ಟು ಬರ್ತೀರಿ. ಎರಡನ್ನೂ ಬೇರೆ ಬೇರೆ ಜೇಬಲ್ಲಿಡಿ.

ಹೋ ಚಿ ಮಿನ್ ಸಮಾಧಿಭವನ ಬೆಳಿಗ್ಗೆ ಮಾತ್ರ ತೆರೆದಿರುತ್ತೆ. ಸೋಮವಾರ, ಶುಕ್ರವಾರ ರಜೆ. ಚಡ್ಡಿ, ತೋಳಿಲ್ಲದ ಅಂಗಿ ಹಾಕ್ಕೊಂಡು ಹೋದರೆ ಬಿಡಲ್ಲ, ಒಳಗೆ ಮಾತೂ ಇಲ್ಲ. ತನ್ನ ದೇಹವನ್ನ ಸುಡಿ ಅಂತ ಆ ಮನುಷ್ಯ ಉಯಿಲಲ್ಲಿ ಬರೆದಿದ್ದರು. ಗಾಜಿನೊಳಗೆ ಮಲಗಿರೋ ಅವರನ್ನ ನೋಡಿ ಹೊರಗೆ ಬಂದಾಗ ನನಗೆ ಅದೇ ತಲೆಯಲ್ಲಿತ್ತು. ಇನ್ನು ರೈಲು ಬೀದಿ, ಮನೆಗಳ ಬಾಗಿಲಿಗೆ ಒತ್ತಿಕೊಂಡು ರೈಲು ಹೋಗುತ್ತಲ್ಲ, ಅದನ್ನ ಅಪಾಯ ಅಂತ ಅಧಿಕಾರಿಗಳು ಹಲವು ಸಲ ಮುಚ್ಚಿಸಿದ್ದಾರೆ. ನಾವು ಹೋಗಲಿಲ್ಲ. ಬದಲಿಗೆ 1902ರಲ್ಲಿ ಮುಗಿದ ಲಾಂಗ್ ಬಿಯೆನ್ ಸೇತುವೆ ಮೇಲೆ ಕೆಂಪು ನದಿ ನೋಡ್ತಾ ಅರ್ಧ ಗಂಟೆ ನಿಂತ್ವಿ. ಅಮೆರಿಕದ ಬಾಂಬಿಗೆ ಮತ್ತೆ ಮತ್ತೆ ಮುರಿದು, ಮತ್ತೆ ಮತ್ತೆ ರಿಪೇರಿಯಾದ ಸೇತುವೆ. ಮೂಲ ಕಮಾನು ಎಲ್ಲಿ ಮುಗಿದು ಆಮೇಲಿನ ಸಾದಾ ಕಬ್ಬಿಣ ಎಲ್ಲಿ ಶುರು ಆಗುತ್ತೆ ಅಂತ ಬರಿಗಣ್ಣಿಗೇ ಗೊತ್ತಾಗುತ್ತೆ.

ಈಗ ‘ಚಯ್’ಗೆ ಬರ್ತೀನಿ.

ಎರಡನೇ ದಿನ ರಾತ್ರಿ ರಿಸೆಪ್ಷನ್ ಹುಡುಗಿ ಅಮ್ಮನ ಕೈಯಲ್ಲಿ ಮತ್ತೆ ಬಾಳೆಹಣ್ಣು ಕಂಡು ನನ್ನನ್ನ ಕರೆದು ಕೇಳಿದಳು. ನಡೆದದ್ದೆಲ್ಲ ಹೇಳಿದೆ. ಅವಳ ಮುಖ ಬಿಳಿಚಿಕೊಳ್ತು. “ಮೊದಲೇ ‘ಚಯ್’ ಅಂತ ಯಾಕೆ ಹೇಳಲಿಲ್ಲ?” ಅಂದಳು. ನಾನು ಟೀ ಕೊಡ್ತಾಳೇನೋ ಅಂದ್ಕೊಂಡೆ.

ವಿಯೆಟ್ನಾಮೀಸ್‌ನಲ್ಲಿ ಚಯ್ ಅಂದ್ರೆ ಬೌದ್ಧರ ಸಸ್ಯಾಹಾರ. ಮಾಂಸ ಇಲ್ಲದ್ದು ಅಂತಷ್ಟೇ ಅಲ್ಲ. ಮೀನಿನ ರಸ, ಮೂಳೆ ಸಾರು, ಕೊಬ್ಬು ಯಾವುದೂ ಇಲ್ಲದ್ದು. ಅಂದ್ರೆ ಅಲ್ಲಿಯವರಿಗೆ ‘ಮಾಂಸ ಬೇಡ’ ಒಂದು ಇಷ್ಟ, ‘ಚಯ್’ ಒಂದು ವ್ರತ. ವ್ರತ ಅಂದಕೂಡಲೇ ಯಾರೂ ಪ್ರಶ್ನೆ ಕೇಳಲ್ಲ. ಅವಳು ಒಂದು ಚೀಟಿಯಲ್ಲಿ ಬರೆದುಕೊಟ್ಟಳು, ಬಾಯಲ್ಲೂ ಹೇಳಿಸಿದಳು: “ತೊಯ್ ಅನ್ ಚಯ್”, ನಾನು ಸಸ್ಯಾಹಾರ ತಿನ್ನೋರು. ‘ತೊಯ್’ ನಾನು, ‘ಅನ್’ ತಿನ್ನು. ಅಮ್ಮ ತಕ್ಷಣ “ಅನ್ ಅಂದ್ರೆ ಅನ್ನ ಅಲ್ವಾ!” ಅಂದರು. ಸಂಬಂಧ ಏನಿಲ್ಲ, ಆದರೆ ಅಮ್ಮ ಮರೀಲೇ ಇಲ್ಲ.

ಉಚ್ಚಾರಣೆಯಲ್ಲಿ ಹುಷಾರು. ‘ಚಯ್’ ಹ್ರಸ್ವ. ‘ಚಾಯ್’ ಅಂತ ಎಳೆದರೆ ಬಾಟಲಿ ಅಂತಾಗುತ್ತೆ. ಟೀಗೆ ಹನೋಯ್ ಕಡೆ ‘ಚಾ’ ಅಂತ ಸ್ವರ ಕೆಳಗಿಳಿಸಿ ಹೇಳ್ತಾರೆ. ಅದೇ ‘ಚಾ’ವನ್ನ ಕೆಳಗಿಳಿಸಿ ಸ್ವಲ್ಪ ಮೇಲಕ್ಕೆ ತಿರುಗಿಸಿದರೆ ಹಂದಿಮಾಂಸದ ವಡೆ! ಆ ಭಾಷೆಯಲ್ಲಿ ಆರು ಸ್ವರಗಳಿವೆ. ‘ಮಾ’ ಅನ್ನೋ ಒಂದೇ ಶಬ್ದ ಸ್ವರ ಬದಲಾದ ಹಾಗೆ ದೆವ್ವ, ಅಮ್ಮ, ಆದರೆ, ಸಮಾಧಿ, ಕುದುರೆ, ಭತ್ತದ ಸಸಿ ಅಂತ ಆಗುತ್ತೆ. ಅದಕ್ಕೇ ಹೇಳೋದು, ಬಾಯಿ ನಂಬಬೇಡಿ, ಚೀಟಿ ತೋರಿಸಿ.

ಮೂರನೇ ದಿನದಿಂದ ಕಣ್ಣಿಗೆ ಆ ಪದ ಎಲ್ಲೆಲ್ಲೂ ಕಾಣೋಕೆ ಶುರುವಾಯ್ತು. ‘ಕಮ್ ಚಯ್’ ಅಂತ ಬೋರ್ಡ್, ಪಕ್ಕದಲ್ಲಿ ಕಮಲದ ಚಿತ್ರ. ಅಂದ್ರೆ ಸಸ್ಯಾಹಾರಿ ಊಟದ ಮನೆ. ಪಗೋಡಾಗಳ ಅಕ್ಕಪಕ್ಕದ ಗಲ್ಲಿಗಳಲ್ಲಿ ಸುಲಭವಾಗಿ ಸಿಗುತ್ತೆ. ಒಳಗೆ ಹೋಗಿ ಮೆನು ನೋಡಿದರೆ ಮತ್ತೆ ಗಾಬರಿ: ಕೋಳಿ, ಮೀನು, ಹ್ಯಾಮ್! ಎಲ್ಲಾ ಸೋಯಾ, ಅಣಬೆ, ಗೋಧಿ ಅಂಟಿನಿಂದ ಮಾಡಿದ ನಕಲಿ. ಹೆಸರಲ್ಲಿ ಮಾತ್ರ ಕೋಳಿ. ಅಮ್ಮನಿಗೆ ಆ ಆಕಾರವೇ ಸೇರಲಿಲ್ಲ. “ಬೇಡ ಅಂದಮೇಲೆ ಅದೇ ಥರ ಯಾಕೆ ಮಾಡ್ಬೇಕು?” ಅನ್ನೋದು ಅವರ ಪ್ರಶ್ನೆ, ನನ್ನ ಹತ್ರ ಉತ್ತರ ಇಲ್ಲ. ಆದರೆ ‘ಬುನ್ ಚಯ್’ ಬಂದಾಗ ಮುಖ ಅರಳಿತು. ಬುನ್ ಅಂದ್ರೆ ಅಕ್ಕಿ ಹಿಟ್ಟನ್ನ ಒತ್ತಿ ಕುದಿನೀರಿಗೆ ಬಿಟ್ಟು ಮಾಡೋ ಎಳೆ, ನಮ್ಮ ಒತ್ತುಶಾವಿಗೆಯ ಅಣ್ಣತಮ್ಮ. ಮೇಲೆ ಟೊಮೆಟೊ, ಅಣಬೆ, ಕರಿದ ತೋಫು, ಒಂದು ಬುಟ್ಟಿ ಹಸಿ ಸೊಪ್ಪು. ಮೀನಿನ ರಸದ ಬದಲು ಸೋಯಾ ಸಾಸ್. ಹನೋಯ್‌ನಲ್ಲಿ ಅದಕ್ಕೆ ‘ಸಿ ಝವ್’ ಅಂತಾರೆ, ನೆನಪಿಡಿ, ಎಲ್ಲಿ ಬೇಕಾದರೂ ಕೇಳಬಹುದು. ಅಮ್ಮ ಚಮಚ ಎತ್ತೋ ಮುಂಚೆ ನನ್ನ ಮುಖ ನೋಡಿದರು. ನಾನು ಚೀಟಿ ಹಿಡ್ಕೊಂಡು ಅಡುಗೆಮನೆಗೇ ಹೋಗಿ, ಹಂಡೆ ನೋಡಿ, ಕೇಳಿ ಬಂದೆ. ಮೂಲಂಗಿ, ಕ್ಯಾರೆಟ್, ಜೋಳದ ದಿಂಡಿನ ಸಾರು. ಆಮೇಲೆ ತಿಂದರು. ಎರಡು ಬಟ್ಟಲು.

ನಾಲ್ಕನೇ ದಿನ ಬೆಳಿಗ್ಗೆ ಊರೇ ಬದಲಾದ ಹಾಗಿತ್ತು. ಮನೆ ಮುಂದೆ ಹೂವು, ಹಣ್ಣು ಮಾರೋರು ಜಾಸ್ತಿ, ಊದುಬತ್ತಿ ವಾಸನೆ, ಹಿಂದಿನ ದಿನ ಮಾಂಸ ಇಟ್ಟಿದ್ದ ಒಂದು ಗಾಡಿಯಲ್ಲಿ ಇವತ್ತು ‘ಚಯ್’ ಅಂತ ರಟ್ಟಿನ ಬೋರ್ಡ್. ನನಗೇನೂ ಹೊಳೀಲಿಲ್ಲ. ಅಮ್ಮ ಬೆರಳು ಮಡಚಿ ಎಣಿಸಿದರು. “ಇವತ್ತು ಶೀಗಿ ಹುಣ್ಣಿಮೆ ಕಣೋ!”

ಅದೇ ಕಾರಣ. ವಿಯೆಟ್ನಾಂನವರೂ ಚಾಂದ್ರಮಾನ ಪಂಚಾಂಗ ಇಟ್ಕೊಂಡಿದ್ದಾರೆ. ತಿಂಗಳ ಮೊದಲ ದಿನ, ಅಂದರೆ ಅಮಾವಾಸ್ಯೆ ಹೊತ್ತಿಗೆ, ಮತ್ತು ಹದಿನೈದನೇ ದಿನ, ಅಂದರೆ ಹುಣ್ಣಿಮೆಗೆ, ಮನೆಯ ಹಿರಿಯರ ಪೀಠಕ್ಕೆ ಹಣ್ಣು ಹೂವು ಇಡ್ತಾರೆ, ಪಗೋಡಾಗೆ ಹೋಗ್ತಾರೆ, ಎಷ್ಟೋ ಜನ ಅವತ್ತು ಚಯ್ ತಿಂತಾರೆ. ಉಳಿದ ದಿನ ಹಂದಿ ತಿನ್ನೋರು ಕೂಡ. ನಿಷ್ಠೆಯ ಬೌದ್ಧರ ಚಯ್ ಅಡುಗೆಗೆ ಈರುಳ್ಳಿ, ಬೆಳ್ಳುಳ್ಳಿಯಂಥ ಘಾಟು ಪದಾರ್ಥವನ್ನೂ ಹಾಕಲ್ಲ. ಇದನ್ನ ಕೇಳಿ ಅಮ್ಮ ಹೇಳಿದ್ದು: “ಮಡಿ ಊಟ ಅನ್ನು.” ಸಸ್ಯಾಹಾರಿಗಳು ನಿಮ್ಮ ಜೊತೆ ಬರೋದಾದ್ರೆ ಟಿಕೆಟ್ ಮಾಡೋಕೆ ಮುಂಚೆ ಪಂಚಾಂಗ ನೋಡಿ. ನಾನು ತಮಾಷೆಗೆ ಹೇಳ್ತಿಲ್ಲ.

ಅವತ್ತು ಮಧ್ಯಾಹ್ನ ಪಶ್ಚಿಮ ಕೆರೆಯ ದಂಡೆಯ ತ್ರಾನ್ ಕ್ವೋಕ್ ಪಗೋಡಾಗೆ ಹೋದ್ವಿ. ಆರನೇ ಶತಮಾನದಷ್ಟು ಹಳೇ ಮೂಲ, ಹನೋಯ್‌ನ ಅತಿ ಪುರಾತನ ಪಗೋಡಾ ಅಂತಾರೆ. ಅಂಗಳದಲ್ಲಿ ಒಂದು ದೊಡ್ಡ ಅರಳಿ ಮರ. ಬೋಧಗಯೆಯ ಬೋಧಿವೃಕ್ಷದ ಸಸಿ, 1959ರಲ್ಲಿ ನಮ್ಮ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಅವರು ಉಡುಗೊರೆ ಕೊಟ್ಟದ್ದು. ಅಮ್ಮ ಚಪ್ಪಲಿ ಬಿಟ್ಟು ಮೂರು ಸುತ್ತು ಹಾಕಿದರು. ನೋಡ್ತಾ ನಿಂತಿದ್ದ ಇಬ್ಬರು ವಿಯೆಟ್ನಾಂ ಹೆಂಗಸರು ಅವರ ಹಿಂದೆಯೇ ಸುತ್ತಿದರು.

ಕೊನೆಗೆ ಕಾಫಿ. ಇದನ್ನ ಹೇಳದಿದ್ರೆ ಚಿಕ್ಕಮಗಳೂರಿನ ಕೇಳುಗರು ನನ್ನನ್ನ ಸುಮ್ಮನೆ ಬಿಡಲ್ಲ. ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯೋದು ವಿಯೆಟ್ನಾಂ. ರೊಬಸ್ಟಾದಲ್ಲಂತೂ ಅದೇ ಮೊದಲು. 2024ರಲ್ಲಿ ಅಲ್ಲಿಯ ಮಧ್ಯ ಎತ್ತರದ ಪ್ರದೇಶಗಳಲ್ಲಿ ಬರ ಬಿತ್ತು, ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ಬೆಲೆ ದಾಖಲೆ ಮುಟ್ಟಿತು, ಕೊಡಗಿನ ಬೆಳೆಗಾರರ ಕೈಗೂ ಹಿಂದೆಂದೂ ಕಾಣದ ಬೆಲೆ ಬಂತು. ಅಲ್ಲಿ ಮಳೆ ಬಂದರೂ ಬಾರದಿದ್ದರೂ ಇಲ್ಲಿ ಲೆಕ್ಕ ಬದಲಾಗುತ್ತೆ.

ಅವರ ಫಿಲ್ಟರ್ ಹೆಸರು ‘ಫಿನ್’. ಲೋಟದ ಮೇಲೆ ಕೂರೋ ತೂತಿನ ಪುಟ್ಟ ಪಾತ್ರೆ, ಮೇಲೊಂದು ಒತ್ತುಬಿಲ್ಲೆ, ಮುಚ್ಚಳ. ನಾವು ಡಿಕಾಕ್ಷನ್ ರಾತ್ರಿಯೇ ಇಳಿಸಿ ಇಟ್ಕೊಂಡ್ರೆ ಅವರು ನಿಮ್ಮ ಮುಂದೆಯೇ ಹನಿ ಹನಿ ಇಳಿಸ್ತಾರೆ, ನಾಲ್ಕೈದು ನಿಮಿಷ ಕಾಯಬೇಕು. ಹಾಲಿನ ಬದಲು ಡಬ್ಬದ ಸಿಹಿ ಗಟ್ಟಿಹಾಲು. ಫ್ರೆಂಚರ ಕಾಲದಲ್ಲಿ ತಾಜಾ ಹಾಲು ಸಿಗೋದು ಕಷ್ಟ ಇತ್ತು, ಡಬ್ಬದ ಹಾಲು ಬಂತು, ಅದೇ ರುಚಿಯಾಗಿ ನಿಂತಿತು. ಹನೋಯ್‌ನಲ್ಲಿ ಇದನ್ನ ‘ನಾವ್’ ಅಂತಾರೆ, ಕಂದು ಅಂತ ಅರ್ಥ. ಹಾಲಿನ ಕೊರತೆಯಿಂದಲೇ ಹುಟ್ಟಿದ ಇನ್ನೊಂದು ಮೊಟ್ಟೆ ಕಾಫಿ. 1946ರಲ್ಲಿ ಮೆಟ್ರೊಪೋಲ್ ಹೋಟೆಲ್‌ನಲ್ಲಿ ಕೆಲಸ ಮಾಡ್ತಿದ್ದ ಎನ್‌ಗುಯೆನ್ ವಾನ್ ಗ್ಯಾಂಗ್ ಅನ್ನೋರು ಹಾಲಿನ ಬದಲು ಮೊಟ್ಟೆಯ ಹಳದಿಯನ್ನ ಸಕ್ಕರೆ ಜೊತೆ ನೊರೆ ಬರೋ ಹಾಗೆ ಕಡೆದು ಕಾಫಿ ಮೇಲೆ ಹಾಕಿದರು. ಅವರ ಕುಟುಂಬದ ಅಂಗಡಿ ಇವತ್ತಿಗೂ ಇದೆ, ಇಕ್ಕಟ್ಟು ಓಣಿ ದಾಟಿ ಒಳಗೆ ಹೋಗಬೇಕು.

ಐದನೇ ದಿನ ಅಲ್ಲಿ ಕೂತಿದ್ವಿ. ಬಿಸಿನೀರಿನ ಬಟ್ಟಲಲ್ಲಿ ಕೂರಿಸಿದ ಪುಟ್ಟ ಕಪ್ ಬಂತು, ಮೇಲೆ ಕೇಸರಿ ಪೇಡಾ ಬಣ್ಣದ ನೊರೆ. ಅಮ್ಮ ಮೂಸಿದರು. “ಚೆನ್ನಾಗಿದೆಯಲ್ಲೋ, ಏನಿದೆ ಇದ್ರಲ್ಲಿ?”

“ಮೊಟ್ಟೆ ಇದೆ ಅಮ್ಮ.”

“ಸರಿ, ನೀನೇ ಕುಡಿ” ಅಂತ ನನ್ನ ಕಡೆ ತಳ್ಳಿ, ತಮಗೊಂದು ನಾವ್ ಹೇಳಿದರು. ಚೀಟಿ ನೋಡದೆ, ತಾವೇ.

ಬರುವಾಗ ತಗಡಿನ ಬೀದಿ ಹತ್ತಿರ ಎರಡು ಫಿನ್ ತಂದ್ವಿ. ನಮ್ಮ ಕಾಫಿಪುಡಿ ಅದಕ್ಕೆ ಹೊಂದಲ್ಲ, ನುಣ್ಣಗಿರೋದ್ರಿಂದ ತೂತು ಕಟ್ಟಿಕೊಳ್ಳುತ್ತೆ. ಸ್ವಲ್ಪ ತರಿ ಬೀಸಿಸಬೇಕು, ಚಿಕೋರಿ ಬೇಡ. ಹೋಗೋರಿಗೆ ಒಂದು ಮಾತು: ಇ-ವೀಸಾ ಒಂದು ಸಲದ ಪ್ರವೇಶಕ್ಕೆ 25 ಡಾಲರ್, 90 ದಿನದವರೆಗೆ ಸಿಗುತ್ತೆ. ಹುಡುಕಿದಾಗ ಸರ್ಕಾರಿ ಥರಾನೇ ಕಾಣೋ ಖಾಸಗಿ ತಾಣಗಳು ಮೇಲೆ ಬರ್ತವೆ, ದುಪ್ಪಟ್ಟು ಕೀಳ್ತವೆ. ವಿಳಾಸದ ಕೊನೆಗೆ ‘ಗವ್ ಡಾಟ್ ವಿಎನ್’ ಇದೆಯಾ ನೋಡಿ. ಹೆಸರು ಪಾಸ್‌ಪೋರ್ಟಲ್ಲಿ ಇರೋ ಹಾಗೇ ಇರಲಿ, ಇನಿಷಿಯಲ್ ಬಿಡಿಸಿ ಬರೆದಿರೋದು ಸೇರಿ.

ಆ ಚೀಟಿ ಈಗ ನಮ್ಮನೆ ಫ್ರಿಜ್ ಮೇಲೆ ಅಂಟಿಸಿದೆ. ಅಮ್ಮ ಮುಂದಿನ ಸಲ ಹ್ವೆ ಊರಿಗೆ ಹೋಗೋಣ ಅಂತಿದ್ದಾರೆ, ಅಲ್ಲಿ ಪಗೋಡಾ ಜಾಸ್ತಿ, ಚಯ್ ಅಡುಗೆಗೂ ಹೆಸರು. ನಾನು ಅಮಾವಾಸ್ಯೆ ಯಾವಾಗ ಅಂತ ನೋಡ್ತಿದ್ದೀನಿ. ಸರಿ, ಸಿಗೋಣ.